ಬಿಟ್ಟಿ ಪುಸ್ತಕವನ್ನು ನಂಬದ ವರ್ಲೀನ್

ವರ್ಲೀನ್ ಸ್ಟಬಲ್‌ಫೀಲ್ಡ್ ಯಾರನ್ನೂ ಬೇಗ ನಂಬುವ ಹೆಂಗಸಲ್ಲ. ದಕ್ಷಿಣ ಅಲಬಾಮಾದ ನಮ್ಮ ಎರಡು ವರ್ಷದ ಕಾಲೇಜಿನಲ್ಲಿ ಆಕೆ ಸಂಗೀತ ಪರಿಚಯದ ಪಾಠ ಮಾಡುತ್ತಿದ್ದಳು. ನಾನು ಅಲ್ಲಿಯ ಲೈಬ್ರರಿಯಲ್ಲಿದ್ದೆ. ನರ್ಸಿಂಗ್, ವೆಲ್ಡಿಂಗ್ ಕಲಿಯಲು ಬಂದವರು ಒಂದಾದರೂ ಕಲೆಯ ವಿಷಯ ಓದಲೇಬೇಕೆಂಬ ನಿಯಮವಿದ್ದದ್ದರಿಂದ ಅವಳ ತರಗತಿ ಯಾವಾಗಲೂ ತುಂಬಿರುತ್ತಿತ್ತು.

ವಿಭಾಗದ ಮುಖ್ಯಸ್ಥ ಗ್ಯಾರಿಸನ್ ಪೂಲ್ ಒಂದು ದಿನ ಅವಳನ್ನು ಕರೆದು, ಮುಂದಿನ ವರ್ಷದಿಂದ ದುಬಾರಿ ಪಠ್ಯಪುಸ್ತಕ ಬೇಡ, ಬಿಟ್ಟಿ ಸಿಗುವುದೊಂದನ್ನು ಆರಿಸಿ ಅಂದ. "ಕಂಪ್ಯೂಟರಲ್ಲಿ ಓದಬಹುದು, ಅಚ್ಚು ಹಾಕಿಸಬಹುದು, ನಮಗೆ ಬೇಕಾದ ಹಾಗೆ ತಿದ್ದಲೂಬಹುದು. ಯಾರ ಅಪ್ಪಣೆಯೂ ಬೇಡ, ಮಿಸ್ ವರ್ಲೀನ್."

"ಬರೆದೋರಿಗೆ ಏನು ಸಿಗುತ್ತೆ?"

"ಹೆಸರು."

"ಹೆಸರಿಗೋಸ್ಕರ ಅಷ್ಟು ದಪ್ಪ ಪುಸ್ತಕ ಬರೀತಾರಾ? ಇದರಲ್ಲಿ ಏನೋ ಇದೆ ಪೂಲ್."

ಅವಳ ಅನುಮಾನಕ್ಕೆ ಕಾರಣವಿತ್ತು. ಹಿಂದೊಮ್ಮೆ ಒಂದು ಕಂಪನಿಯವರು ಹಾಡು ಕೇಳಿಸುವ ವ್ಯವಸ್ಥೆಯೊಂದನ್ನು ಬಿಟ್ಟಿ ಕೊಟ್ಟಿದ್ದರು. ಪಾಠವೆಲ್ಲ ಅದಕ್ಕೆ ಒಗ್ಗಿಕೊಂಡ ಮೇಲೆ, ಪರೀಕ್ಷೆ ಹತ್ತಿರ ಬಂದಾಗ ಅದಕ್ಕೆ ಬೀಗ ಜಡಿದು ಹಣ ಕೇಳಿದ್ದರು. ಈಗ ವರ್ಲೀನ್ ಲೈಬ್ರರಿಗೆ ಬಂದು ನನ್ನೆದುರು ಕೂತು ಪಿಸುಗುಟ್ಟಿದಳು: "ಇವತ್ತು ಪುಸ್ತಕ ಬಿಟ್ಟಿ. ನಾಳೆ ಪಾಠದ ವೀಡಿಯೋನೂ ಬಿಟ್ಟಿ. ಆಮೇಲೆ ನಾನ್ಯಾಕೆ ಬೇಕು ಆ ಪೂಲ್‌ಗೆ?"

ನಾನು ಕೆಲವು ಪುಸ್ತಕ ಹುಡುಕಿಕೊಟ್ಟೆ. ಒಂದರಲ್ಲಿ ಹಾಡು ಕೇಳಲೆಂದು ಕೊಟ್ಟಿದ್ದ ಕೊಂಡಿಗಳೆಲ್ಲ ಸತ್ತುಹೋಗಿದ್ದವು. ಇನ್ನೊಂದನ್ನು ಓದಬಹುದಿತ್ತೇ ಹೊರತು ಒಂದಕ್ಷರ ಬದಲಿಸುವಂತಿರಲಿಲ್ಲ. ಮೂರನೆಯದು ನಾರ್ತ್ ಡಕೋಟಾದ ಸಿಗ್ನಿ ಓಡೆಗಾರ್ಡ್ ಎಂಬ ಕಾಲೇಜು ಅಧ್ಯಾಪಕಿ ಬರೆದದ್ದು. ವರ್ಲೀನ್ ಕೆಂಪು ಪೆನ್ಸಿಲ್ ಹಿಡಿದು, ಪಾಠ ಹೇಗಿದೆ ಎನ್ನುವುದಕ್ಕಿಂತ ಗಾಳ ಎಲ್ಲಿದೆ ಎಂದು ಹುಡುಕುತ್ತ, ಅದನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಗಾಳ ಸಿಗಲಿಲ್ಲ. ಬದಲಿಗೆ ತನ್ನ ಊರೇ ಸಿಕ್ಕಿತು.

ನಮ್ಮ ಕಡೆಯ ಹಳೆಯ ಚರ್ಚುಗಳಲ್ಲಿ ಸ್ವರಗಳನ್ನು ತ್ರಿಕೋನ, ಚೌಕ, ದುಂಡು, ವಜ್ರದಾಕಾರದಲ್ಲಿ ಬರೆದುಕೊಂಡು, ನಾಲ್ಕು ಕಡೆ ಎದುರುಬದುರು ಕೂತು, ಯಾವ ವಾದ್ಯವೂ ಇಲ್ಲದೆ ಗಂಟಲೆತ್ತಿ ಹಾಡುತ್ತಾರೆ. ವರ್ಲೀನ್ ಚಿಕ್ಕಂದಿನಿಂದ ಹಾಡಿದವಳು. ಪುಸ್ತಕದಲ್ಲಿ, ಈ ಪದ್ಧತಿ ಅಳಿದುಹೋಗಿ ಬಹಳ ಕಾಲವಾಯಿತು ಎಂದು ಬರೆದಿತ್ತು.

"ನೋಡು, ನಾನು ಸತ್ತುಹೋಗಿದ್ದೀನಂತೆ," ಅಂದಳು ನನಗೆ. ಅಲ್ಲಿಂದಲೇ ಸಿಗ್ನಿಗೆ ಫೋನು ಹಚ್ಚಿದಳು.

ಸಿಗ್ನಿ ಎಲ್ಲ ಕೇಳಿಸಿಕೊಂಡು, "ನೀವು ಹೇಳೋದೇ ಸರಿ ಇರಬೇಕು. ನಾನು ಆ ಹಾಡನ್ನ ಕೂತು ಕೇಳಿಲ್ಲ. ನೀವೇ ಬರೆದು ಸೇರಿಸಿ. ಆದರೆ ಹಾಡನ್ನ ರೆಕಾರ್ಡು ಮಾಡಿ ಅದನ್ನೂ ಹಾಕಿ," ಅಂದಳು.

"ಅಂದರೆ ನನ್ನಿಂದ ಪುಕ್ಕಟೆ ಕೆಲಸ ಮಾಡಿಸ್ಕೊಳ್ಳೋ ಉಪಾಯ."

"ಹೌದು, ಒಂಥರಾ ಹಾಗೇ. ನಾನೂ ಪುಕ್ಕಟೆನೇ ಮಾಡಿದ್ದು."

ಹಾಗೇನಿಲ್ಲ ಎಂಬ ನಯದ ಉತ್ತರ ಬರುತ್ತದೆ, ಅದನ್ನು ಹಿಡಿದು ಜಗಳ ತೆಗೆಯಬೇಕು ಎಂದು ಕಾದಿದ್ದ ವರ್ಲೀನ್ ಫೋನಿಟ್ಟು ನನ್ನಿಂದ ಕಾಗದ ಇಸಿದುಕೊಂಡಳು. ಆ ವಾರವೆಲ್ಲ ಬರೆದಳು.

ಚರ್ಚಿನಲ್ಲಿ ಹಾಗೆ ಹಾಡಲು ಸೇರುವ ಮುಂದಿನ ಭಾನುವಾರ ನಾನೂ ಜೊತೆಗೆ ಹೋದೆ. ಚರ್ಚಿನ ಹೊರಗೆ ಮರದಡಿ ಕೋಳಿ ಸಾರಿನ ಕಡುಬು, ಅವರೆಕಾಳು, ಸಿಹಿ ಚಹಾ ಎಲ್ಲ ಮುಗಿದ ಮೇಲೆ ವರ್ಲೀನ್ ಆ ಬಿಟ್ಟಿ ಪುಸ್ತಕಕ್ಕೆ ರೆಕಾರ್ಡು ಮಾಡುವ ವಿಷಯ ಎತ್ತಿದಳು.

ಅವಳ ಚಿಕ್ಕಪ್ಪನ ಮಗಳು ನೋವೆಲ್ಲಾ ಹೆಂಗಸರ ಕೆಳದನಿಯ ಸಾಲಿಗೆ ಮುಂದಾಳು. "ನಿಂಗೆ ಯಾರು ದುಡ್ಡು ಕೊಟ್ಟಿದ್ದಾರೆ?" ಅಂತ ಕೇಳಿದಳು.

"ಯಾರೂ ಕೊಟ್ಟಿಲ್ಲ."

"ಸುಮ್ನಿರೇ. ದುಡ್ಡಿಲ್ದೆ ಒಂದು ಲೋಟನೂ ತೊಳೆಯೋಳಲ್ಲ ನೀನು."

ಒಂದಿಬ್ಬರು ನಕ್ಕರು, ವರ್ಲೀನ್ ನಗಲಿಲ್ಲ. ಎಲ್ಲರಿಗಿಂತ ಹಿರಿಯ ಬ್ರದರ್ ಆರ್ವಿಲ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಮಗಳೇ, ನಮ್ಮ ದನಿ ತಗೊಂಡು ಯಾರಾದ್ರೂ ಟ್ರಕ್ ಮಾರೋ ಜಾಹೀರಾತಿಗೆ ಹಾಕ್ಕೋಬಹುದಾ?"

ಇಲ್ಲ ಎಂದುಬಿಡುವ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೆ ಆ ಪುಸ್ತಕದಲ್ಲಿರುವುದನ್ನು ಯಾರು ಹೇಗೆ ಬಳಸಬಹುದೆಂಬ ಪರವಾನಗಿಯನ್ನು ಸಾಲುಸಾಲಾಗಿ ಓದಿದ್ದಳು. "ಹಾಕ್ಕೋಬಹುದು. ನಮ್ಮ ಹೆಸರು ಹೇಳ್ಬೇಕು, ಅಷ್ಟೆ. ಹಾಕೋರನ್ನ ನಾವು ತಡೆಯೋಕಾಗಲ್ಲ."

ನೋವೆಲ್ಲಾ ತನ್ನ ಪುಡ್ಡಿಂಗಿನ ಪಾತ್ರೆ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂತಳು.

ಆರ್ವಿಲ್ ಗಡ್ಡ ಸವರುತ್ತ ಯೋಚಿಸಿದ. "ಅದನ್ನ ಮುಚ್ಚಿಟ್ಟಿದ್ರೆ ನಾನೂ ಎದ್ದು ಹೋಗ್ತಿದ್ದೆ. ಈ ಹಾಡು ನಂದಲ್ಲ, ನಮ್ಮಜ್ಜಿದೂ ಅಲ್ಲ. ಬನ್ನಿ, ಹಾಡೋಣ," ಅಂದ.

ಹಾಡಿದರು. ನೋವೆಲ್ಲಾ ಇಲ್ಲದ ಸಾಲು ಮಾತ್ರ ಬಡಕಲಾಗಿ ಕೇಳಿಸಿತು.

ಆ ಬೇಸಿಗೆಯ ನಂತರ ನಮ್ಮ ಕಾಲೇಜು ಸಿಗ್ನಿಯ ಪುಸ್ತಕವನ್ನೇ, ವರ್ಲೀನಳ ಅಧ್ಯಾಯ ಸೇರಿಸಿ, ಪಾಠಕ್ಕಿಟ್ಟಿತು. ಅವಳ ಸಂಶಯ ಪೂರ್ತಿ ಸುಳ್ಳಾಗಲೂ ಇಲ್ಲ: ಮರುವರ್ಷ ಪೂಲ್ ಅವಳ ಒಂದು ತರಗತಿಯನ್ನು ಕಿತ್ತು ವೀಡಿಯೋ ಪಾಠಕ್ಕೆ ಹಾಕಿದ. ಅವನ ಕೋಣೆಗೇ ಹೋಗಿ ವಾದ ಮಾಡಿದಳು, ಸೋತಳು. ಉಳಿದ ತರಗತಿಗಳಲ್ಲಿ ಪುಸ್ತಕವನ್ನು ಮಾತ್ರ ಬಿಡಲಿಲ್ಲ. "ತಪ್ಪು ಪೂಲ್‌ನದು, ಪುಸ್ತಕದ್ದಲ್ಲ," ಅಂದಳು. ಆದರೂ ಪ್ರತಿ ತಿಂಗಳು ಒಮ್ಮೆ ಬಂದು, ಅದಕ್ಕೆ ಯಾರಾದರೂ ಬೆಲೆ ಕಟ್ಟಿದ್ದಾರೋ ಎಂದು ನನ್ನ ಕಂಪ್ಯೂಟರಿನಲ್ಲಿ ನೋಡಿಹೋಗುತ್ತಿದ್ದಳು.

ನೋವೆಲ್ಲಾ ಬಹಳ ಕಾಲ ವರ್ಲೀನ್ ಜೊತೆ ಮಾತು ಬಿಟ್ಟಿದ್ದಳು. ಕೊನೆಗೊಂದು ಮಧ್ಯಾಹ್ನ ಲೈಬ್ರರಿಗೆ ಬಂದು, ವರ್ಲೀನ್ ಕೂತಿದ್ದ ಮೇಜಿನೆದುರು ನಿಂತು, ಆ ಹಾಡು ಕೇಳಿಸು ಅಂದಳು. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ನಾನಿಲ್ದೆ ಉಪ್ಪಿಲ್ಲದ ಸಾರಿನ ಹಾಗಿದೆ. ಇನ್ನೊಂದ್ಸಲ ಮಾಡು, ಬರ್ತೀನಿ."

"ಬಾ. ಹೆಸರು ಹಾಕ್ತೀನಿ."

"ಹೆಸರು ಹಾಕ್ಬೇಡ. ನಾಳೆ ಯಾರಾದ್ರೂ ಇದನ್ನ ಹಾಕಿ ಟ್ರಕ್ ಮಾರಿದ್ರೆ ಹಾಡಿದ್ದು ನಾನಲ್ಲ."

ಹೊಸ ರೆಕಾರ್ಡಿನ ಕೆಳಗೆ ಆರ್ವಿಲ್‌ನಿಂದ ಹಿಡಿದು ಎಲ್ಲರ ಹೆಸರಿದೆ, ನೋವೆಲ್ಲಾಳದಿಲ್ಲ. ಕೆಳದನಿ ಈಗ ಗಟ್ಟಿಯಾಗಿದೆ.