ಬಾವಿಗೆ ಹೋಗಿಬರುವುದು

ಸ್ನಾನಕ್ಕೆ ಕುಳಿತವರು ಮೊದಲ ತಂಬಿಗೆ ನೀರನ್ನು ಎಲ್ಲಿ ಸುರಿದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿದರೆ ಅವರ ಸ್ವಭಾವವೆಲ್ಲ ತಿಳಿದುಬಿಡುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಹೀಗೆ ಗಮನಿಸುವ ಅವಕಾಶ ಸಭ್ಯಸಮಾಜದಲ್ಲಿ ಯಾರಿಗೂ ದೊರೆಯದ ಕಾರಣ ಈ ಶಾಸ್ತ್ರ ಬೆಳೆಯದೆ ಉಳಿದಿದೆ. ನನ್ನ ಪರಿಯನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ನನ್ನ ಮೊದಲ ತಂಬಿಗೆ ಪಾದಕ್ಕೆ, ಎರಡನೆಯದು ಮೊಣಕಾಲಿಗೆ, ಮೂರನೆಯದು ತೋಳಿಗೆ. ಕಚೇರಿಯ ಅರ್ಜಿ ಮೇಜಿನಿಂದ ಮೇಜಿಗೆ ಏರುವಂತೆ ಅದು ನಿಧಾನವಾಗಿ ಏರಿ, ತಲೆಯೆಂಬ ಮೇಲಧಿಕಾರಿಯನ್ನು ತಲುಪುವಷ್ಟರಲ್ಲಿ ನೀರು ಆರಿಹೋಗಿರುತ್ತದೆ. ಮನೆಯವರು ಇದಕ್ಕೆ ಸೋಮಾರಿತನವೆಂದು ಹೆಸರಿಟ್ಟಿದ್ದಾರೆ. ಸರಿಯಾದ ಹೆಸರು ಹೆದರಿಕೆ.

ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ಬಸವಕಲ್ಯಾಣದ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ. ನೀರೇ ತಾಯಿ, ನೀರೇ ದೈವ ಎಂದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳೆದುರು ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಜಲ, ಉದಕ, ಸಲಿಲ, ತೋಯ ಎಂದು ಉಸಿರು ಬಿಡದೆ ಪರ್ಯಾಯಪದಗಳನ್ನು ಒಪ್ಪಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಆದರೆ ಓದುಗರೇ, ನಿಮ್ಮೆದುರು ಮುಚ್ಚಿಡುವುದೇನು, ಆ ಪರ್ಯಾಯಪದಗಳಲ್ಲಿ ಯಾವುದರೊಳಗೂ ನಾನು ಹಿಮ್ಮಡಿ ಮುಳುಗುವಷ್ಟು ಇಳಿದವಳಲ್ಲ. ತೀರ್ಥಕ್ಷೇತ್ರಕ್ಕೆ ಹೋದಾಗಲೂ ದಂಡೆಯಲ್ಲೇ ನಿಂತು ಮೂರು ಹನಿ ತಲೆಗೆ ಚಿಮುಕಿಸಿಕೊಂಡು, ಸಮಸ್ತ ಪುಣ್ಯವನ್ನೂ ಒಣಬಟ್ಟೆಯಲ್ಲೇ ಸಂಪಾದಿಸಿ ಮರಳಿದ್ದೇನೆ.

ಇಂಥವಳ ಮೊಣಕಾಲು ಐವತ್ತೆರಡನೆಯ ವಯಸ್ಸಿಗೆ ಸವೆಯಿತು. ಹುಮನಾಬಾದಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಟೀಚರವ್ರೇ, ಗುಳಿಗಿ ಎಷ್ಟಂತ ನುಂಗ್ತೀರಿ? ನೀರಾಗ ಈಜ್ರಿ. ಮೊಣಕಾಲಿನ ಮ್ಯಾಲ ಭಾರ ಬೀಳಂಗಿಲ್ಲ’ ಎಂದರು. ನಾನು ಈ ಸಲಹೆಯನ್ನು ನಗೆಯ ಮಾತೆಂದೇ ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು, ಶಾಹಿದಾ ಒಬ್ಬಳ ಹೊರತು.

ಶಾಹಿದಾ ನಮ್ಮ ಶಾಲೆಯ ಗಣಿತದ ಟೀಚರು. ಅದಕ್ಕಿಂತ ಮುಂಚೆ ನನ್ನ ಬಾಲ್ಯದ ಗೆಳತಿ. ಮುಡಬಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಓಣಿಯಲ್ಲಿದ್ದವು. ನಾವು ಹಳ್ಳಿ ಬಿಟ್ಟು ಬಂದು ಬಹಳ ವರ್ಷಗಳಾದರೂ ಅವರ ಹೊಲ ಅಲ್ಲೇ ಇದೆ. ‘ಫಿಕರ್ ಮಾಡಬ್ಯಾಡ ಸುನಂದಾ, ನಮ್ಮ ಹೊಲದಾಗ ಬಾವಿ ಅದ. ಐತವಾರ ಮುಂಜಾನಿ ಗಂಡಸ್ರು ಯಾರೂ ಇರಂಗಿಲ್ಲ. ನಾ ಕಲಸ್ತೀನಿ’ ಎಂದಳು. ಗಣಿತದವರಿಗೆ ಸಮಸ್ಯೆ ಕಂಡರೆ ಬಿಡಿಸದೆ ಕೂರಲಾಗದು.

ಹೀಗೆ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಭಾನುವಾರ, ತೊಗರಿ ಹೊಲದ ನಡುವಿನ ಆ ಚೌಕ ಬಾವಿಯ ಮೆಟ್ಟಿಲುಗಳ ಮೇಲೆ, ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, ಟ್ರ್ಯಾಕ್ಟರಿನ ಹಳೆಯ ಟ್ಯೂಬಿನೊಳಗೆ ಮೈ ತೂರಿಸಿಕೊಂಡು ನಾನು ನಿಂತಿದ್ದೆ. ಕರಿಕಲ್ಲಿನ ಹಳೆಯ ಬಾವಿ. ಪೂರ್ವದ ಕಡೆಯಿಂದ ಇಳಿಯುವ ಮೆಟ್ಟಿಲುಗಳಲ್ಲಿ ಅರ್ಧದಷ್ಟು ನೀರಿನೊಳಗಿದ್ದವು. ಹಸಿರುಗಪ್ಪು ನೀರು ನನ್ನನ್ನು ನೋಡಿ ಒಂದಿಷ್ಟೂ ಅಲುಗಲಿಲ್ಲ; ನಾನೇ ಅದರ ಪಾಲನ್ನೂ ಸೇರಿಸಿ ನಡುಗಿದೆ. ಎರಡು ವಾರ ನಾನು ಕಲಿತದ್ದು ಮೆಟ್ಟಿಲನ್ನು ಅಪ್ಪಿಕೊಳ್ಳುವ ವಿದ್ಯೆಯನ್ನೇ.

ಮೂರನೆಯ ವಾರ ಶಾಹಿದಾ ಟ್ಯೂಬು ಕಸಿದುಕೊಂಡು, ಬೆನ್ನ ಕೆಳಗೆ ಕೈಯಿಟ್ಟು ನನ್ನನ್ನು ಅಂಗಾತ ಮಲಗಿಸಿದಳು. ‘ತಲಿ ಬಿಡು. ಕುತ್ತಿಗಿ ಯಾಕ ಬಿಗಿ ಹಿಡದೀ? ನನ್ನ ಮ್ಯಾಲ ಬ್ಯಾಡ, ನೀರಿನ ಮ್ಯಾಲ ಭರೋಸಾ ಇಡು.’ ಭರವಸೆಯಿಂದಲ್ಲ, ಕುತ್ತಿಗೆ ಸೋತದ್ದರಿಂದ ತಲೆಯನ್ನು ಬಿಟ್ಟೆ. ಕಿವಿಗಳು ಮುಳುಗಿದವು. ಜಗತ್ತಿನ ಸದ್ದೆಲ್ಲ ಅಡಗಿ, ನನ್ನ ಎದೆಬಡಿತವೊಂದೇ ದೂರದ ಯಾರದೋ ಮನೆಯ ಕುಟ್ಟಾಣಿಯಂತೆ ಕೇಳತೊಡಗಿತು. ಮೇಲೆ ಬಾವಿಯ ಅಳತೆಗೆ ಕತ್ತರಿಸಿಟ್ಟಂತಿದ್ದ ಆಕಾಶ. ಶಾಹಿದಾ ಎಷ್ಟು ಹೊತ್ತಿನ ಹಿಂದೆ ಕೈ ತೆಗೆದಿದ್ದಳೋ ನನಗೆ ತಿಳಿದಿರಲಿಲ್ಲ. ಜೀವಮಾನವಿಡೀ ನನ್ನ ಭಾರವನ್ನು ನಾನೇ ಹೊತ್ತಿದ್ದೇನೆಂಬ ಗರ್ವದಲ್ಲಿದ್ದವಳನ್ನು, ಹೆಸರು ಕುಲ ಕೇಳದೆ, ಯಾವುದೋ ಒಂದು ಹೊತ್ತುಕೊಂಡಿತ್ತು. ಪ್ರಾರ್ಥನೆಯ ಹೊತ್ತಿನ ನನ್ನ ಭಾಷಣಗಳನ್ನೆಲ್ಲ ನೆನೆದು ನಾಚಿಕೆಯಾಯಿತು.

ಮನೆಯಲ್ಲಿ ಮಾತ್ರ ಇದನ್ನು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಬಾವಿಯ ಹೆಸರೆತ್ತುವ ರೂಢಿಯಿಲ್ಲ. ಅದಕ್ಕೆ ಕಾರಣ ನಮ್ಮ ಜೊತೆಗಿರುವ ನನ್ನ ಸೋದರತ್ತೆ, ಎಪ್ಪತ್ತು ದಾಟಿದ ಕಮಲಾಬಾಯಿ. ಹೆಸರಿನಲ್ಲಲ್ಲದೆ ಬೇರೆಲ್ಲಿಯೂ ಆಕೆಗೆ ನೀರಿನ ನಂಟಿಲ್ಲ. ಮದುವೆಯಾದ ಮೂರು ವರ್ಷಕ್ಕೆ ಗಂಡನ ಮನೆಯವರು ಆಕೆಯನ್ನು ತವರಿಗೆ ತಂದು ಬಿಟ್ಟುಹೋದರಂತೆ. ಅದೇ ವರ್ಷ ನೀರಿಗೆ ಹೋದಾಗ ಕಾಲು ಜಾರಿ ಬಾವಿಗೆ ಬಿದ್ದಳಂತೆ. ಅಂದಿನಿಂದ ಅತ್ತೆ ನೀರಿದ್ದ ಕಡೆ ಸುಳಿದಿಲ್ಲ. ತ್ರಿಪುರಾಂತದ ಕೆರೆಯ ದಾರಿಯಲ್ಲಿ ಆಟೋ ಹೋದರೂ ಮುಖವನ್ನು ಇನ್ನೊಂದು ಕಡೆ ತಿರುಗಿಸುತ್ತಾಳೆ. ಇಷ್ಟಾದರೂ ಕುಡಿಯುವ ಮುನ್ನ ಪ್ರತಿಸಲ ನೀರಿನ ಲೋಟವನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಯಾವುದೋ ವ್ರತವಿರಬೇಕೆಂದು ನಾವು ಕೇಳಿರಲಿಲ್ಲ.

ನಾಲ್ಕನೆಯ ಭಾನುವಾರ ಒದ್ದೆ ಬಟ್ಟೆಯ ಚೀಲವನ್ನು ಬಚ್ಚಲಿಗೆ ಸಾಗಿಸುವಾಗ ಅತ್ತೆ ಅಡ್ಡ ನಿಂತಳು. ‘ಬಾವಿ ನೀರಿನ ವಾಸನಿ ಬರಾಕತ್ತದ. ಎಲ್ಲಿ ಹೋಗಿದ್ದಿ?’

ಸುಳ್ಳು ಹೇಳಲು ಬಾಯಿ ತೆರೆದೆ, ಬಂದದ್ದು ನಿಜ. ‘ಶಾಹಿದಾನ ಹೊಲಕ್ಕ, ಅತ್ತಿ.’

‘ಅಂದ್ರ ಖಾಸಿಂಸಾಬನ ಬಾವಿ.’ ಖಾಸಿಂಸಾಬರೆಂದರೆ ಶಾಹಿದಾಳ ಅಜ್ಜ, ಅವಳ ಮಾತಿನಲ್ಲಿ ದಾದಾ. ತೀರಿಹೋಗಿ ಬಹಳ ಕಾಲವಾಗಿದೆ. ‘ಮೆಟ್ಟಲದ ಬಾಜೂಕ, ನೀರಿನ ಮಟ್ಟಕ್ಕ, ಗ್ವಾಡಿಯಿಂದ ಒಂದು ಕಲ್ಲು ಹೊರಗ ಬಂದದಲ್ಲ, ಅದು ಅದ ಏನು ಇನ್ನಾ?’

‘ಅದ.’

ಅತ್ತೆ ದಾರಿ ಬಿಟ್ಟು, ‘ಮುಂದಿನ ಐತವಾರ ನಾನೂ ಬರ್ತೀನಿ’ ಎಂದು ಒಳಗೆ ಹೋದಳು.

ಮರುದಿನ ಶಾಲೆಯ ಖಾಲಿ ತರಗತಿಯೊಂದರಲ್ಲಿ ಇದನ್ನು ಹೇಳಿದಾಗ ಶಾಹಿದಾಳ ಕೈಯ ಸೀಮೆಸುಣ್ಣ ನಿಂತಿತು. ಬಾಗಿಲು ಮುಂದೆ ಮಾಡಿ ಬಂದು ಮೆಲ್ಲಗೆ ಹೇಳಿದಳು: ‘ನಮ್ಮ ಅಮ್ಮೀ ಸಾಯೋ ಮುಂದ ನನಗ ಒಬ್ಬಾಕಿಗೇ ಹೇಳಿದ್ಲು. ನಿಮ್ಮ ಅತ್ತಿ ಕಾಲು ಜಾರಿ ಬಿದ್ದಿಲ್ಲ, ಸುನಂದಾ. ಮ್ಯಾಲಿನ ಮೆಟ್ಟಲದ ಮ್ಯಾಲ ಚಪ್ಪಲಿ ಜೋಡಿಸಿ ಇಟ್ಟಿದ್ರಂತ. ತಾಳಿ ಬಿಚ್ಚಿ ಅದರ ಮ್ಯಾಲ ಇಟ್ಟಿದ್ರಂತ. ದಾದಾ ಹೋಗಿ ನೋಡಿದಾಗ ಕಲ್ಲು ಹಿಡ್ಕೊಂಡು ನೀರಾಗ ಇದ್ರು. ಮ್ಯಾಲ ಎತ್ತಿ, ತಾಳಿ ಕೈಯಾಗ ಕೊಟ್ಟು, ಊರ ಮಂದೀಗಿ ದಾದಾನೇ ಹೇಳಿದ್ದು, ಕಾಲು ಜಾರ್‍ಯಾದ ಅಂತ.’

ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಏನನ್ನೂ ನೋಡದೆ ಮನೆ ತಲುಪಿದೆ. ನಮ್ಮ ಕುಟುಂಬ ಐವತ್ತು ವರ್ಷ ತಲೆಯೆತ್ತಿ ನಡೆದದ್ದು ಪರರೊಬ್ಬರ ಒಂದು ಸುಳ್ಳಿನ ಆಸರೆಯಲ್ಲಿ ಎಂದು ತಿಳಿದಾಗ, ವ್ಯಾಕರಣ ತಪ್ಪಿದ್ದಕ್ಕೆ ಮಕ್ಕಳ ಕಿವಿ ಹಿಂಡುವ ನನ್ನ ಸತ್ಯನಿಷ್ಠೆ ಸಣ್ಣದಾಗಿ ಕಂಡಿತು. ಜೊತೆಗೆ ಭಯವೂ ಕುಳಿತಿತು. ಆಗ ಮುಗಿಸದೆ ಬಂದದ್ದನ್ನು ಅತ್ತೆ ಈಗ ಮುಗಿಸಲು ಹೊರಟಿದ್ದಾಳೆಯೇ? ಆ ವಾರವಿಡೀ ಆಕೆಯ ಮುಖವನ್ನು ಕದ್ದು ಓದಿದೆ. ಆಕೆ ಎಂದಿನಂತೆ ಅಕ್ಕಿ ಆರಿಸಿದಳು, ಎಂದಿನಂತೆ ಟಿವಿಯವರನ್ನು ಬೈದಳು. ಭಾನುವಾರ ಮೈ ಸರಿಯಿಲ್ಲವೆಂದು ತಪ್ಪಿಸಿದೆ. ಅದರ ಮುಂದಿನ ವಾರ ಬಸ್ಸಿಲ್ಲ ಎಂದೆ. ಮೂರನೆಯ ಭಾನುವಾರ ಏಳುವಷ್ಟರಲ್ಲಿ ಅತ್ತೆ ಇಳಕಲ್ ಸೀರೆಯುಟ್ಟು ಹೊಸ್ತಿಲ ಬಳಿ ಕುಳಿತಿದ್ದಳು. ‘ಬಸ್ ಇಲ್ಲಂದ್ರ ಆಟೋ ಅದ. ಅದೂ ಇಲ್ಲಂದ್ರ ಕಾಲು ಅವ. ನಿನಗ ಮೊಣಕಾಲು ನೋವು ಇದ್ರ ನೀ ಮನ್ಯಾಗ ಇರು.’

ಶೇರ್ ಆಟೋದಲ್ಲಿ ಮುಡಬಿಯ ದಾರಿ ಹಿಡಿದೆವು. ಬಾವಿಯ ಬಳಿ ಶಾಹಿದಾ ಕಾಯುತ್ತಿದ್ದಳು, ಕೈಯಲ್ಲಿ ಹಗ್ಗ. ‘ಅತ್ತಿ, ಸೊಂಟಕ್ಕ ಕಟ್ಟತೀನ್ರಿ. ಇಲ್ಲಾಂದ್ರ ಇಳಿಯಾಕ ಬಿಡಂಗಿಲ್ಲ’ ಎಂದಳು. ಅತ್ತೆ ಮಗುವಿನಂತೆ ಕೈಯೆತ್ತಿ ಕಟ್ಟಿಸಿಕೊಂಡಳು. ಹಗ್ಗ ಹಿಡಿದ ಶಾಹಿದಾಳ ಮುಖವನ್ನು ದಿಟ್ಟಿಸಿ, ‘ಥೇಟ್ ನಿನ್ನ ದಾದಾನ ಮಾರಿ’ ಎಂದಳು. ನಾನು ಮುಂದೆ, ಆಕೆ ನಡುವೆ, ಹಗ್ಗ ಹಿಡಿದ ಶಾಹಿದಾ ಹಿಂದೆ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆವು. ಕಲ್ಲಿನ ಸಂದಿನ ಪಾರಿವಾಳಗಳು ಪಟಪಟನೆ ಎದ್ದಾಗ ನಾನು ಗೋಡೆಗೆ ಅಂಟಿಕೊಂಡೆ. ಅತ್ತೆ ತಲೆಯೆತ್ತಿಯೂ ನೋಡಲಿಲ್ಲ.

ಒಣಗಿದ್ದ ಕೊನೆಯ ಮೆಟ್ಟಿಲ ಮೇಲೆ ಆಕೆ ಕುಳಿತಳು. ಪಾದ ಇಳಿಬಿಟ್ಟಳು. ನಾನು ಪಕ್ಕದಲ್ಲೇ ಕುಳಿತು ಆಕೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಬಹಳ ಹೊತ್ತು ನೀರನ್ನು ನೋಡುತ್ತ ಕುಳಿತಿದ್ದವಳು, ನಾನು ಶಾಹಿದಾಳತ್ತ ತಿರುಗಿದ ಒಂದು ಕ್ಷಣದಲ್ಲಿ, ಸರಕ್ಕನೆ ಜಾರಿದಳು. ಮುಷ್ಟಿಯಿಂದ ಸೆರಗು ಕಿತ್ತುಹೋಯಿತು. ‘ಅತ್ತೀ!’ ಎಂದು ಶಾಹಿದಾ ಚೀರಿದ್ದು ಕೇಳಿತು. ನಾನು ಪಾದ, ಮೊಣಕಾಲು, ತೋಳು ಎಂಬ ಕ್ರಮವನ್ನೆಲ್ಲ ಬಿಟ್ಟು ತಲೆಕೆಳಗಾಗಿ ಬಿದ್ದೆ.

ನೀರು ಮೂಗು ಬಾಯಿಗಳಲ್ಲಿ ನುಗ್ಗಿತು. ಕೈ ಬಡಿದೆ, ಕಾಲು ಬಡಿದೆ, ಕಣ್ಣು ತೆರೆದಾಗ ಎರಡು ಮೊಳ ದೂರದಲ್ಲಿ ಅತ್ತೆ ಕೊರಳಮಟ್ಟ ನೀರಿನಲ್ಲಿ, ಚಾಚಿದ ಕಲ್ಲನ್ನು ಎರಡೂ ಕೈಯಿಂದ ಹಿಡಿದು, ಸಮಾಧಾನವಾಗಿ ನನ್ನನ್ನು ನೋಡುತ್ತಿದ್ದಳು. ‘ಯಾಕ ಇಷ್ಟು ಗಾಬರಿ? ನಾ ಎಲ್ಲಿ ಹೊಂಟೀನಿ?’

ನಾನು ಬುಸುಗುಡುತ್ತ ತೇಲುತ್ತಿದ್ದೆ. ಮೇಲೆ ಶಾಹಿದಾ ಹಗ್ಗ ಬಿಗಿ ಹಿಡಿದು ಅಳುತ್ತಿದ್ದಳು. ಅತ್ತೆ ಮಾತು ಶುರುಮಾಡಿದಳು. ನಮ್ಮಿಬ್ಬರಿಗೋ, ಕಲ್ಲಿಗೋ ತಿಳಿಯಲಿಲ್ಲ.

‘ಅವತ್ತು ಸಾಯಾಕ ಅಂತನೇ ಬಂದಿದ್ದೆ. ಈ ನೀರು ಅದಲ್ಲ, ಆಕಿ ನನ್ನ ತಗೋಳಲಿಲ್ಲ. ಮುಳುಗಿದ್ರ ಮ್ಯಾಲ ಎತ್ತತಾಳ, ಮುಳುಗಿದ್ರ ಎತ್ತತಾಳ. ಕಡೀಕ ಈ ಕಲ್ಲು ಕೈಯಾಗ ತಂದು ಕೊಟ್ಲು. ಮೊದಲು ಆಕಿ ಮ್ಯಾಲ ಸಿಟ್ಟು ಬಂತು, ಗಂಡನ ಮನಿಯವರಂಗ ನೀನೂ ಬ್ಯಾಡಂದಿಯಲ್ಲ ಅಂತ. ಆಮ್ಯಾಲ ವರ್ಷ ಹೋದಂಗ ತಿಳೀತು, ಅವರು ಬ್ಯಾಡ ಅಂದದ್ದು ನನಗ. ಈಕಿ ಬ್ಯಾಡ ಅಂದದ್ದು ನನ್ನ ಸಾವಿಗಿ. ಆವಾಗ ನಾಚಿಕಿ ಬಂತು ನೋಡು. ಊರೆಲ್ಲ ಕುಡಿಯೋ ನೀರಾಗ ಹೆಣ ಆಗಾಕ ಬಂದಿದ್ದೆನಲ್ಲ ಅಂತ. ಆ ಮಾರಿ ಹೊತ್ತು ಹ್ಯಾಂಗ ಆಕಿ ಮುಂದ ಬರ್ಲಿ?’

ನನ್ನ ಪರ್ಯಾಯಪದಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅತ್ತೆ ಒಂದು ಕೈ ಬಿಟ್ಟು, ಬೊಗಸೆಯ ಅರ್ಧವನ್ನು ನೀರಿನಿಂದ ತುಂಬಿ ಕುಡಿದಳು. ಇನ್ನೊಮ್ಮೆ ಕುಡಿದಳು. ದೇವರು, ದೈವ ಎಂಬ ಮಾತು ಆಕೆಯ ಬಾಯಿಂದ ಬರಲೇ ಇಲ್ಲ; ಮುನಿಸಿಕೊಂಡು ದೂರವಾದ ಅಕ್ಕತಂಗಿಯರು ಮುದುಕಿಯರಾಗಿ ಒಂದೇ ತಟ್ಟೆಯಲ್ಲಿ ಉಂಡಂತಿತ್ತು ಅಷ್ಟೇ. ಆಮೇಲೆ ಶಾಹಿದಾ ಹಗ್ಗ ಜಗ್ಗಿ, ನಾನು ಕೆಳಗಿನಿಂದ ನೂಕಿ, ಇಬ್ಬರೂ ಸೇರಿ ಆಕೆಯನ್ನು ಮೆಟ್ಟಿಲಿಗೆ ಹತ್ತಿಸಿದೆವು. ‘ಜಲ್ದಿ ಸೀರಿ ಬದಲು ಮಾಡ್ರಿ, ಥಂಡಿ ಆಗ್ತದ’ ಎಂದು ಶಾಹಿದಾ ಮೂಗೊರೆಸಿಕೊಳ್ಳುತ್ತ ಗದರಿದಳು.

ಬಿಸಿಲು ಏರಿತ್ತು. ಒಣ ಸೀರೆಯುಟ್ಟ ಅತ್ತೆ ಬಾವಿಯ ಕಟ್ಟೆಯ ಬಳಿ ನಿಂತಳು. ನಮ್ಮ ಸೀಮೆಯಲ್ಲಿ ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಎನ್ನುವುದು ಅಶುಭ. ಹೋಗುವವರೆಲ್ಲ ‘ಬರ್ತೀನಿ’ ಎಂದೇ ಹೋಗಬೇಕು. ಕನ್ನಡ ಕಲಿಸುವವಳಾಗಿಯೂ ಈ ವಿಪರೀತಾರ್ಥದ ಆಳಕ್ಕೆ ನಾನು ಇಳಿದಿರಲಿಲ್ಲ. ಅತ್ತೆ ಕೆಳಗಿನ ನೀರನ್ನು ನೋಡಿ, ನೆರೆಮನೆಯವರಿಗೆ ಹೇಳುವಷ್ಟೇ ಸಹಜವಾಗಿ, ‘ಬರ್ತೀನವಾ’ ಎಂದಳು.

ಮುಂದಿನ ಭಾನುವಾರ ಬಂದಳು ಕೂಡ.