ಕಹಿ ಗೊತ್ತಿಲ್ಲದ ನಾಲಗೆ

ನಮ್ಮ ಯಜಮಾನರ ಹೆಸರು ಷಡಕ್ಷರಿ. ಬಾಯಲ್ಲಿ ಹೇಳಿದವಳಲ್ಲ, ಬರೆಯಬೇಕಾಗಿ ಬಂದದ್ದಕ್ಕೆ ಬರೆದೆ. ಹೋದ ಶ್ರಾವಣದಲ್ಲಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಕುಡಿಯುವಾಗ ಅದು ಕಹಿ ಅಂತ ಅವರಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಅದೊಂದು ತಿಳಿಯಬೇಕಿತ್ತು.

ಅವರ ಊರು ಗುಬ್ಬಿ ತಾಲ್ಲೂಕಿನ ಕಡಬ. ನಾನು ಕುಣಿಗಲ್ ಕಡೆಯವಳು, ಏಳನೇ ಕ್ಲಾಸಿಗೆ ಬಿಟ್ಟವಳು. ತುಮಕೂರಿನಲ್ಲಿ ಬಾಡಿಗೆ ಮನೆ, ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಅವರಿಗೆ ಲೇತ್ ಮೆಷಿನ್ ಕೆಲಸ. ಮಾತು ಕಮ್ಮಿ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರು ಇವರನ್ನು ದಾಟಿಕೊಂಡೇ ಹೋಗುತ್ತಿದ್ದರು. ಇವರು ಕೇಳುತ್ತಲೂ ಇರಲಿಲ್ಲ. ಪಕ್ಕದಲ್ಲಿ ಕೂತ ನಾನೇ ಪಲ್ಯ ಅಂತ ಕೂಗಬೇಕು. ಮಕ್ಕಳಾಗಲಿಲ್ಲ. ಅದಕ್ಕೂ ನನ್ನನ್ನು ಒಂದು ಮಾತು ಅಂದವರಲ್ಲ.

ಕೆಲವು ವರ್ಷದ ಹಿಂದೆ ಕಡಬಕ್ಕೆ ಹೋಗಿದ್ದಾಗ ಯೂನಿವರ್ಸಿಟಿ ಹುಡುಗಿಯರು ಬಂದಿದ್ದರು. ಮನುಷ್ಯರ ಮೈ ಒಬ್ಬರದು ಒಬ್ಬರಿಗಿಂತ ಹೇಗೆ ಬೇರೆ, ಯಾಕೆ ಬೇರೆ ಅಂತ ಓದುತ್ತಾರಂತೆ. ಶಾಲೆ ಜಗಲಿಯಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಎತ್ತರ ಅಳೆದರು. ಕಿವಿಯ ಹಾಲೆ ಅಂಟಿದೆಯೋ ಬಿಟ್ಟಿದೆಯೋ ನೋಡಿದರು. ನಾಲಗೆ ಸುರುಳಿ ಮಾಡಿ ಅಂದರು. ನಮ್ಮತ್ತೆ ತಿಪ್ಪಮ್ಮ ಓದು ಬರದವರು, ಮಾತು ಬರುವವರು. ಅವರ ತಲೆಗೆ ಇಕ್ಕಳದಂಥದ್ದು ಇಟ್ಟು ಅಳೆದಾಗ, "ಕಿರೀಟ ಮಾಡಿಸ್ಕೊಡ್ತೀಯೇನವ್ವ?" ಅಂದರು. ಅಳೆಯುವವಳ ಕೈ ನಗುವಿಗೆ ಅಲ್ಲಾಡಿತು.

ಕೊನೆಗೆ ಭೂಮಿಕಾ ಅನ್ನುವ ಹುಡುಗಿ ಒಂದೊಂದು ಚೂರು ಪೇಪರ್ ಕೊಟ್ಟು ನಾಲಗೆ ಮೇಲಿಡಿ ಅಂದಳು. ನನಗೆ ಕಡು ಕಹಿ, ಉಗಿದೆ. ಅತ್ತೆಯೂ ಉಗಿದರು. ಇವರು ಅಗಿಯುತ್ತಾ ನಿಂತಿದ್ದರು.

"ಏನೂ ಇಲ್ವಲ್ಲವ್ವ ಇದ್ರಲ್ಲಿ. ಇನ್ನೊಂದಿದ್ರೆ ಕೊಡು, ಉಪ್ಪು ಹಾಕ್ಕೊಂಡು ತಿಂತೀನಿ."

ಜಗಲಿ ತುಂಬ ನಗು. ಅವರ ಮಾತಿಗೆ ಜನ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಕೆಲವರಿಗೆ ಹುಟ್ಟಿನಿಂದಲೇ ಹೀಗೆ, ಕಾಯಿಲೆಯಲ್ಲ ಅಂದಳು ಭೂಮಿಕಾ. ಇನ್ನೂ ಏನೋ ಹೇಳಿದಳು. ಗದ್ದಲದಲ್ಲಿ ಕೇಳಿಸಲಿಲ್ಲ.

ಅಲ್ಲಿಂದ ಷಡಕ್ಷರಿಗೆ ಕಹಿಯೇ ಗೊತ್ತಿಲ್ಲ ಅಂತ ಆಗಿಹೋಯಿತು. ಜೊತೆ ಕೆಲಸದ ನಾಗೇಶ್ ಹಸಿ ಹಾಗಲಕಾಯಿ ತರುವುದು, ಬೇವಿನ ಕುಡಿ ತರುವುದು, ಇವರು ಎಲ್ಲರ ಮುಂದೆ ಮುಖ ಕದಲಿಸದೆ ತಿನ್ನುವುದು. ಹೊಸಬರು ಯಾರು ಬಂದರೂ "ನಮ್ಮ ಷಡಕ್ಷರಣ್ಣನ್ನ ನೋಡ್ಲಾ" ಅಂತ ಕರೆದು ತೋರಿಸುತ್ತಿದ್ದರಂತೆ. ಮನೆಗೆ ಬಂದು ಅದನ್ನೆಲ್ಲ ಹೇಳುವರು. ಮಾತೇ ಇಲ್ಲದ ಮನುಷ್ಯ, ತಟ್ಟೆಯ ಅನ್ನ ಆರುವವರೆಗೂ ಹೇಳುವರು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಯಾರೋ ಸೋರೆಕಾಯಿ ರಸ ಒಳ್ಳೇದು ಅಂದರು. ಮಾರ್ಕೆಟ್ಟಿನ ಕಾಯಿ ತಂದು ಬೆಳಿಗ್ಗೆ ಹೊತ್ತು ಮಿಕ್ಸಿಗೆ ಹಾಕಿಕೊಡುತ್ತಿದ್ದೆ. ಸುದ್ದಿ ತಿಳಿದು ಅತ್ತೆ ಕಡಬದಿಂದ ಬಂದರು. ಹಿತ್ತಲಲ್ಲಿ ತಾವೇ ನೀರು ಹೊಯ್ದು ಬೆಳೆಸಿದ ಕಾಯಿಯನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದರು. ಬೆಳಿಗ್ಗೆ ತಾವೇ ರುಬ್ಬಿ, ಸೋಸಿ, ಲೋಟ ಕೈಗೆ ಕೊಟ್ಟು ಎದುರಿಗೆ ಕೂತರು.

ಇವರು ಒಂದು ಗುಟುಕು ಕುಡಿದು ನಿಲ್ಲಿಸಿದರು. ಲೋಟದೊಳಗೆ ನೋಡಿದರು.

"ಹೆಂಗದ್ಲಾ ಮಗ?" ಅಂದರು ಅತ್ತೆ.

"ಚೆನ್ನಾಗದೆ ಕಣವ್ವ."

ಮಿಕ್ಕದ್ದನ್ನೂ ಎತ್ತಿ ಕುಡಿದರು.

ಸ್ವಲ್ಪ ಹೊತ್ತಿಗೆ ವಾಂತಿ. ಆಮೇಲೆ ರಕ್ತ. ಕಾಯಿ ಕಹಿ ಇತ್ತಾ ಅಂತ ಆಸ್ಪತ್ರೆಯಲ್ಲಿ ಡಾಕ್ಟ್ರು ಕೇಳಿದರು. ಸೋರೆಕಾಯಿ ಕಹಿಯಾದರೆ ವಿಷವಂತೆ. ಅವರಿಗೆ ಕಹಿ ಗೊತ್ತಾಗಲ್ಲ ಸಾರ್ ಅಂದೆ. ಮಾರನೇ ದಿನ ಹೋದರು. ಕಡಬದಲ್ಲಿ ಅವರಪ್ಪನ ಪಕ್ಕ ಕೂರಿಸಿ ಮಣ್ಣು ಮಾಡಿದೆವು. ತುಮಕೂರಿಗೆ ಬಂದಾಗ ಮಿಕ್ಸಿ ಜಾರ್ ಹಾಗೇ ಇತ್ತು. ಅಂಚಿಗೆ ಒಣಗಿದ್ದನ್ನು ಬೆರಳಲ್ಲಿ ತೆಗೆದು ನಾಲಗೆಗಿಟ್ಟೆ. ಎಷ್ಟು ಬಾಯಿ ಮುಕ್ಕಳಿಸಿದರೂ ಕಹಿ ಹೋಗಲಿಲ್ಲ.

ಆ ಹುಡುಗಿಯರು ಮತ್ತೆ ಕಡಬಕ್ಕೆ ಬಂದಿದ್ದಾರೆ ಅಂತ ಮೊನ್ನೆ ತಿಳಿಯಿತು. ಹೋದೆ. ಭೂಮಿಕಾಗೆ ಎಲ್ಲ ಹೇಳಿ, ಅವರಿಗೆ ಗೊತ್ತಾಗಿರಲಿಕ್ಕಿಲ್ಲ ಅಲ್ವಾ ಅಂದೆ. ಹೂಂ ಅನ್ನಲಿ ಅಂತಲೇ ನಾನು ಬಸ್ಸು ಹತ್ತಿದ್ದು.

ಅವಳು ತಲೆ ತಗ್ಗಿಸಿದಳು. "ಆಂಟಿ, ಆ ಪೇಪರಲ್ಲಿ ಇದ್ದಿದ್ದು ಒಂದೇ ಥರದ ಕಹಿ. ಅದು ಗೊತ್ತಾಗ್ದೇ ಇರೋರಿಗೂ ಬೇರೆ ಕಹಿ ಗೊತ್ತಾಗುತ್ತೆ. ಸೋರೆಕಾಯಿದು ಬೇರೆ."

ಹಾಗಲಕಾಯಿ, ಬೇವು ಅಂತ ಕೇಳಿದೆ.

"ಅವೂ ಗೊತ್ತಾಗಿರುತ್ತೆ ಆಂಟಿ. ಅವತ್ತೇ ಹೇಳಿದ್ದೆ. ಎಲ್ರೂ ನಗ್ತಿದ್ರಿ."

ಅವರ ಷರ್ಟಿನ ಜೇಬಿನಲ್ಲಿ ಬೆಲ್ಲದ ಅಂಟು ಇರುತ್ತಿತ್ತು. ಸಕ್ಕರೆ ಕಾಯಿಲೆ ಇಟ್ಟುಕೊಂಡು ಕದ್ದು ತಿನ್ನುತ್ತಾರೆ ಅಂತ ಬೈಯುತ್ತಾ ಒಗೆಯುತ್ತಿದ್ದೆ. ನಾಗೇಶ್ ಕೊಟ್ಟದ್ದನ್ನು ನುಂಗಿ, ಮರೆಗೆ ಹೋಗಿ ಬೆಲ್ಲ ಬಾಯಿಗೆ ಹಾಕಿಕೊಂಡಿದ್ದಾರೆ. ನಾಕು ಜನ ತಮ್ಮ ಕಡೆ ನೋಡಲಿ ಅಂತ. ಆ ಲೋಟದ ದಿನ ನಾಕು ಜನ ಇರಲಿಲ್ಲ. ಅವರವ್ವ ಕೂತಿದ್ದರು, ಅಷ್ಟೇ. ಕಹಿ ಅಂತ ಅವರಿಗೆ ಗೊತ್ತಿತ್ತು. ವಿಷ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.

ಶಾಲೆಯಿಂದ ಅತ್ತೆಯ ಮನೆಗೆ ಹೋದೆ. ಅನ್ನ ನೀರು ಬಿಟ್ಟು ಅರ್ಧ ಆಗಿದ್ದಾರೆ. ಏನಂದಳು ಆ ಹುಡುಗಿ ಅಂತ ಕೇಳಿದರು.

"ಅವ್ರಿಗೆ ಗೊತ್ತೇ ಆಗಿರಲ್ವಂತೆ ಅತ್ತೆ. ಹುಟ್ಟಿದ್ದೇ ಹಂಗಂತೆ."

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಸದ್ಯ ಬುಡವ್ವ. ನಾನು ಕೊಟ್ಟೆ ಅಂತ ಕುಡುದ್ನೇನೋ ಅಂದ್ಕೊಂಡಿದ್ದೆ."

ತಟ್ಟೆ ಹಾಕಿದೆ. ಅವತ್ತು ಒಂದು ಮುದ್ದೆ ಉಂಡರು.