ಸಣ್ಣಪ್ಪನ ಶುಕ್ರ ಸಂಕ್ರಮ

ನಮ್ಮ ಸೊರಬದ ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದ ಸಣ್ಣಪ್ಪ ಕೂತಲ್ಲಿ ಕೂರುವ ಆಸಾಮಿಯಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಈಗ ರಿಟೈರಾಗಿದ್ದರೂ ಅದೇ ಓಡಾಟ. ಓದಿದ್ದು ಏಳನೇ ಕ್ಲಾಸು, ಆದರೆ ಹಳೆಯ ಖಗೋಳಜ್ಞರ ಜೀವನಚರಿತ್ರೆಯೆಂದರೆ ಪ್ರಾಣ. ಮಾಟಗಾತಿಯೆಂಬ ಆರೋಪದಿಂದ ತಾಯಿಯನ್ನು ಬಿಡಿಸಲು ಕೆಪ್ಲರ್ ಪಟ್ಟ ಪಾಡನ್ನು ಸ್ವಂತ ಮನೆಯ ವ್ಯಾಜ್ಯದಂತೆ ಹೇಳುತ್ತಿದ್ದ.

ಅವನ ತಲೆಗೆ ಲೆ ಜೆಂಟಿಲ್ ಎಂಬ ಹುಳ ಬಿಟ್ಟವನು ವಿಜ್ಞಾನದ ಮೇಷ್ಟರಾಗಿದ್ದ ನಾನೇ. ಸೂರ್ಯನ ಮುಂದೆ ಶುಕ್ರ ಹಾದುಹೋಗುವುದನ್ನು ಅಳೆಯಲು ಆ ಫ್ರೆಂಚ್ ಖಗೋಳಜ್ಞ ಪಾಂಡಿಚೇರಿಗೆಂದು ಹಡಗು ಹತ್ತಿದ. ಯುದ್ಧದಿಂದಾಗಿ ಇಳಿಯಲಾಗದೆ 1761ರ ಸಂಕ್ರಮ ಸಮುದ್ರದ ಮೇಲೇ ಮುಗಿದುಹೋಯಿತು. ಮುಂದಿನದಕ್ಕೆ ಎಂಟು ವರ್ಷ ಕಾದ. ಮನಿಲಾದಲ್ಲಿ ನೋಡಬೇಕೆಂದಿದ್ದವನು ಕೊನೆಗೆ ಪಾಂಡಿಚೇರಿಗೇ ಬಂದ. ಆ ಬೆಳಿಗ್ಗೆ ಪಾಂಡಿಚೇರಿಯಲ್ಲಿ ಮೋಡ, ಮನಿಲಾದಲ್ಲಿ ಬಿಸಿಲು! ಊರಿಗೆ ಮರಳಿದರೆ, ಇವನು ಸತ್ತನೆಂದು ವಾರಸುದಾರರು ಆಸ್ತಿ ಹಂಚಿಕೊಳ್ಳುತ್ತಿದ್ದರು.

"ಪೌತಿ ಖಾತೆ ಮಾಡ್ಸೇಬಿಟ್ಟಿದ್ರಾ ಸಾರ್!" ಎಂದು ಸಣ್ಣಪ್ಪ ನಕ್ಕ. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. 2004ರ ಸಂಕ್ರಮದ ದಿನ ಅವನೂ ಸೊರಬದ ಹತ್ತಿರದ ಉಳವಿಯ ತನ್ನ ಮನೆಯಂಗಳದಲ್ಲಿ ಮಳೆ ನೋಡುತ್ತ ನಿಂತಿದ್ದ. ಇನ್ನೊಂದು ಇದ್ದದ್ದು 2012ರ ಜೂನ್ ಆರಕ್ಕೆ. ಅದೂ ತಪ್ಪಿದರೆ 2117!

ಸಂಕ್ರಮ ಹತ್ತಿರ ಬಂದ ವಾರ ಅವನು ಶಾಲೆಯ ಬೆಲ್ಲನ್ನು ಎರಡು ಸಲ ಹತ್ತು ನಿಮಿಷ ಮೊದಲೇ ಹೊಡೆದ.

"ಉಳವಿ ನಂಬಕ್ಕಾಗಲ್ಲ ಸಾರ್. ಜೂನ್ ಅಂದ್ರೆ ನಮ್ಕಡೆ ಮೋಡನೇ. ಶಿಕಾರಿಪುರದ ಕಡೆ ಹೋಗ್ತೀನಿ."

ಮಳೆ ಬೇಕಾದರೆ ಸೊರಬ, ಬಿಸಿಲು ಬೇಕಾದರೆ ಶಿಕಾರಿಪುರ ಎಂಬುದು ನಮ್ಮ ಕಡೆಯವರೆಲ್ಲರ ನಂಬಿಕೆ. ನಾನೂ ಹೂಂ ಎಂದೆ. ಅವನ ಹೆಂಡತಿ ತಿಮ್ಮಮ್ಮ ಮಾತ್ರ, "ನಿಮ್ಗೆ ಹಿತ್ತಲ ಗಿಡ ಯಾವತ್ತೂ ಮದ್ದಲ್ಲ" ಎಂದು ಗೊಣಗಿದಳಂತೆ. ಸಂಕ್ರಮದ ಹಿಂದಿನ ಸಂಜೆಯೇ ಅವನು ಶಿಕಾರಿಪುರದ ಬಳಿಯ ಅಂಜನಾಪುರದ ಷಡ್ಡಕ ಆನಂದಪ್ಪನ ಮನೆ ಸೇರಿದ.

ಬೆಳಿಗ್ಗೆ ವೆಲ್ಡಿಂಗಿನ ಕರಿ ಗಾಜು ಹಿಡಿದು ಅಲ್ಲಿನ ಡ್ಯಾಮಿನ ಏರಿ ಹತ್ತಿದರೆ ಸೂರ್ಯನೇ ಇಲ್ಲ. ಏರಿಯ ಈ ತುದಿಯಿಂದ ಆ ತುದಿಗೆ ನಡೆದ, ತಿರುಗಿ ನಡೆದ. ಒಂಬತ್ತಾಯಿತು, ಹತ್ತಾಯಿತು.

"ನಿನ್ನೆ ತಂಕ ಚಲೋ ಬಿಸ್ಲಿತ್ತು. ನೀವೇ ಮೋಡ ಕಟ್ಕಂಡು ಬಂದೀರಿ ನೋಡ್ರಿ" ಎಂದು ಆನಂದಪ್ಪ ಕಾಲೆಳೆದ.

ಹತ್ತೂವರೆಯ ಹೊತ್ತಿಗೆ ಶುಕ್ರ ಸೂರ್ಯನನ್ನು ದಾಟಿಯಾಗಿತ್ತು. ಹನ್ನೊಂದಕ್ಕೆ ಬಿಸಿಲು ಬಂತು. ಸಣ್ಣಪ್ಪ ಏರಿಯ ಮೇಲೆ ಕೂತು ಅತ್ತ. ಮರುದಿನ ಅವನೇ ಇದನ್ನು ಹೇಳಿದಾಗ ತಪ್ಪು ನನ್ನದೇ ಅನ್ನಿಸಿತು. ಕಥೆ ಹೇಳಿ ಅವನನ್ನು ಕೆರಳಿಸಿದವನು ನಾನೇ ತಾನೆ?

ಸಂಜೆ ಉಳವಿಗೆ ಬಂದರೆ ಅಂಗಳ ಒಣಗಿತ್ತು. ಅಲ್ಲಿ ಬೆಳಗಿನಿಂದಲೂ ಬಿಸಿಲಂತೆ. ಮನೆಯಲ್ಲಿ ಉಳಿದಿದ್ದ ಇನ್ನೊಂದು ಗಾಜಿನಲ್ಲಿ ತಿಮ್ಮಮ್ಮ ಶುಕ್ರನನ್ನು ನೋಡಿದ್ದಳು. ಸೂರ್ಯನ ಮೇಲೆ ಎಳ್ಳಿನಷ್ಟು ಕಪ್ಪು. ಸಣ್ಣಪ್ಪನಿಗೆ ಮೈಯೆಲ್ಲ ಉರಿಯಿತು. ಅನ್ನ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಹಾಳೆ, ಪೆನ್ನು ತಂದು ಅವಳೆದುರು ಕೂತ. ಎಷ್ಟು ಗಂಟೆಗೆ ಕಂಡಿತು? ಯಾವ ಮಗ್ಗುಲಿಗಿತ್ತು? ಅಂಚು ದಾಟಿ ಆಚೆ ಹೋದದ್ದು ಹೇಗೆ?

"ಆಚೆ ಹೋಗಿದ್ದು ನೋಡ್ಲಿಲ್ಲ" ಎಂದಳು ತಿಮ್ಮಮ್ಮ.

"ಯಾಕೆ? ಗಾಜು ಕೈಲೇ ಇತ್ತಲ್ಲ!"

"ಕಂಡ ಕೂಡ್ಲೆ ನಿಮ್ಗೆ ತೋರಿಸ್ಬೇಕು ಅಂತ ಓಡ್ದೆ. ಕೊಟ್ಟಿಗೆ, ಗದ್ದೆ ಎಲ್ಲ ಕೂಗ್ತಾ ಹುಡುಕ್ದೆ. ನೀವು ಊರಲ್ಲೇ ಇಲ್ಲ ಅನ್ನೋದು ಆಮೇಲೆ ನೆನಪಾತು."